ತಳ್ಳಿದ್ದೋ, ದಬ್ಬಿದ್ದೋ?

ಮೊನ್ನೆ ಭಾನುವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಒಂದು ವಿಚಾರಣೆ ನಡೆಯಿತು. ದೂರು ಕೊಟ್ಟವಳು ಒಂದನೇ ತರಗತಿಯ ಮಗಳು. ಮೊಣಕಾಲಿನ ತರಚುಗಾಯವೇ ಸಾಕ್ಷಿ. ಆರೋಪಿ ಐದನೇ ತರಗತಿಯ ಮಗ. ನ್ಯಾಯಾಧೀಶರ ಜಾಗದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತ ಅಜ್ಜಿ. ಜಗಳ ಹುಟ್ಟಿದ್ದು ಜೋಕಾಲಿಯಲ್ಲಿ ಯಾರ ಸರದಿ ಎಂಬ ವಿಷಯಕ್ಕೆ.

“ಅಜ್ಜೀ, ಅಣ್ಣ ನನ್ನ ದಬ್ಬಿಬಿಟ್ಟ!”

“ದಬ್ಬಲಿಲ್ಲ ಅಜ್ಜಿ, ಸುಮ್ನೆ ತಳ್ಳಿದೆ ಅಷ್ಟೆ.”

“ಹಾಗಾದ್ರೆ ತಳ್ಳಿದ್ದು ನಿಜ ಅನ್ನು.”

“ತಳ್ಳಿದ್ದೂ ಅಲ್ಲ... ಕೈ ತಗುಲಿತು.”

ಅಜ್ಜಿ ಕನ್ನಡ ಮೇಡಂ ಆಗಿ ನಿವೃತ್ತರಾದವರು. ಮೊರ ಪಕ್ಕಕ್ಕಿಟ್ಟು ನಕ್ಕರು. “ಒಂದು ತಪ್ಪಿಗೆ ಮೂರು ಕ್ರಿಯಾಪದ ಆಯ್ತಲ್ಲೋ! ಯಾವುದು ಸರಿ ಅಂತ ಮೊದಲು ನೀನೇ ತೀರ್ಮಾನ ಮಾಡ್ಕೊಂಡು ಬಾ. ಆಮೇಲೆ ನನ್ನ ತೀರ್ಪು.”

ಮಗ ಪೆಚ್ಚುಮೋರೆ ಹಾಕಿಕೊಂಡು ಮೂಲೆಗೆ ಹೋದ. ನನಗೂ ಯೋಚನೆ ಹತ್ತಿತು. ತಳ್ಳು, ನೂಕು, ದೂಡು, ದಬ್ಬು, ಒತ್ತು... ಶಬ್ದಕೋಶ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟು ಸುಮ್ಮನಾಗುತ್ತದೆ. ಆದರೆ ಆಡುವಾಗ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಅಷ್ಟು ಸುಲಭವಾಗಿ ಇಡುವುದಿಲ್ಲ.

‘ತಳ್ಳು’ ಇವುಗಳಲ್ಲಿ ಸಾಧು ಸ್ವಭಾವದ್ದು. ಬಾಗಿಲು ತಳ್ಳುತ್ತೇವೆ, ತೊಟ್ಟಿಲು ತಳ್ಳುತ್ತೇವೆ. ಸೊಪ್ಪು ಮಾರುವವರದು ತಳ್ಳುಗಾಡಿ. ತಮಿಳು, ಮಲಯಾಳಗಳಲ್ಲೂ ಇದೇ ಮಾತು ಉಂಟು. ಚೆನ್ನೈಗೆ ಹೋದರೆ ಅಂಗಡಿಯ ಗಾಜಿನ ಬಾಗಿಲ ಮೇಲೆ ತಮಿಳು ಅಕ್ಷರದಲ್ಲಿ ಈ ನಮ್ಮ ‘ತಳ್ಳು’ ಕಣ್ಣಿಗೆ ಬಿದ್ದೀತು. ಆದರೆ ಸಾಧುವಿಗೂ ಸಿಟ್ಟು ಬರುತ್ತದೆ. ಮನವಿಯನ್ನು ‘ತಳ್ಳಿಹಾಕಿದರು’ ಎಂದರೆ ಕೇಳಲೇ ಇಲ್ಲ ಎಂದರ್ಥ. ಮಗಳನ್ನು ಸರಿಯಿಲ್ಲದ ಮನೆಗೆ ಕೊಟ್ಟರೆ ‘ಹಾಳು ಬಾವಿಗೆ ತಳ್ಳಿದರು’ ಎಂದು ಹಿರಿಯರು ಮರುಗುತ್ತಿದ್ದರು.

‘ನೂಕು’ ಎಂದರೆ ಮೈಬಲ ಹೆಚ್ಚು ಬೇಕು. ಕೆಟ್ಟುನಿಂತ ಬಸ್ಸನ್ನು ಪ್ರಯಾಣಿಕರೆಲ್ಲ ಇಳಿದು ‘ಐಸಾ’ ಎಂದು ನೂಕುತ್ತಾರೆ. ವಿಜ್ಞಾನದ ಪುಸ್ತಕ ಬರೆದವರೂ ಇದನ್ನೇ ಆರಿಸಿಕೊಂಡರು. ಬಕೆಟ್ಟಿನ ನೀರಲ್ಲಿ ಚೆಂಡನ್ನು ಮುಳುಗಿಸಲು ಹೋದರೆ ಅದು ಕೈಯನ್ನು ಮೇಲಕ್ಕೆ ನೂಕುತ್ತದಲ್ಲ, ಅದಕ್ಕೆ ಪಾಠದಲ್ಲಿ ‘ನೂಕುಬಲ’ ಎಂಬ ಹೆಸರಿದೆ.

‘ದೂಡು’ ನಿಧಾನದ್ದು. ಕರಾವಳಿಯ ಕಡೆ ಗಾಡಿಯನ್ನೂ ದೂಡುತ್ತಾರೆ. ಉಳಿದ ಕಡೆ ಈ ಮಾತು ಹೆಚ್ಚಾಗಿ ಕಾಲದ ಜೊತೆ ಬರುತ್ತದೆ. ಕಷ್ಟದಲ್ಲಿರುವವರು ‘ಹೇಗೋ ದಿನ ದೂಡ್ತಾ ಇದೀವಿ’ ಎನ್ನುತ್ತಾರೆ. ದಿನವೂ ಒಂದು ಭಾರವಾದ ಬಂಡಿ ಎಂಬಂತೆ! ಪರೀಕ್ಷೆ ‘ಮುಂದೂಡಿದರು’ ಎಂದು ಮಕ್ಕಳು ಕುಣಿಯುತ್ತಾರಲ್ಲ, ಅದರೊಳಗೂ ಇದೇ ದೂಡು ಕೂತಿದೆ.

ಇನ್ನು ‘ದಬ್ಬು’. ಇದಕ್ಕೆ ಸಿಟ್ಟು ಬೇಕು, ಎದುರಿಗೆ ಒಬ್ಬ ಮನುಷ್ಯ ಬೇಕು. ‘ಕತ್ತು ಹಿಡಿದು ಹೊರಗೆ ದಬ್ಬಿದರು’ ಎನ್ನುತ್ತೇವೆ. ಹೆಬ್ಬೆರಳು ಮತ್ತು ಉಳಿದ ಬೆರಳುಗಳನ್ನು ಅಗಲಿಸಿ ಕತ್ತಿಗೆ ಕೈಹಾಕಿದಾಗ ಅಂಗೈ ಅರ್ಧ ಚಂದ್ರನಂತೆ ಕಾಣುತ್ತದೆ. ಅದಕ್ಕೇ ಹೀಗೆ ಹೊರಹಾಕುವುದಕ್ಕೆ ‘ಅರ್ಧಚಂದ್ರ ಪ್ರಯೋಗ’ ಎಂಬ ತಮಾಷೆಯ ಹೆಸರು. ನೋಡುವವರಿಗೆ ತಮಾಷೆ, ದಬ್ಬಿಸಿಕೊಂಡವರಿಗಲ್ಲ.

ಸರಿಯಾದ ಮಾತು ಹುಡುಕುವುದು ಬರೀ ವ್ಯಾಕರಣದ ಆಟವೇ? ಅಲ್ಲ ಎನ್ನುವುದಕ್ಕೆ ‘ಒತ್ತು’ ಎಂಬ ಕೊನೆಯ ಮಾತನ್ನು ನೋಡಿ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಸೇರಿದ್ದ ಜನಜಂಗುಳಿಯಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಇಂಥ ಸುದ್ದಿಗೆ ಪತ್ರಿಕೆಗಳು ‘ಕಾಲ್ತುಳಿತ’ ಎಂದು ಬರೆಯುತ್ತವೆ. ಅದನ್ನು ಓದಿದಾಗ ಜನ ಒಬ್ಬರನ್ನೊಬ್ಬರು ತುಳಿದು ಓಡಿದಂತೆ ಚಿತ್ರ ಮೂಡುತ್ತದೆ. ಆದರೆ ಜನಸಂದಣಿಯ ದುರಂತಗಳನ್ನು ಅಧ್ಯಯನ ಮಾಡಿದವರು ಹೇಳುವುದು ಬೇರೆ. ಇವುಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರು ಕಟ್ಟಿ. ಹಿಂದಿನವರು ಒಂದು ಹೆಜ್ಜೆ ಮುಂದೆ ಒತ್ತುತ್ತಾರೆ. ಅವರ ಹಿಂದಿನವರು ಇನ್ನೊಂದು ಹೆಜ್ಜೆ. ಯಾರೂ ಯಾರನ್ನೂ ದಬ್ಬಿರುವುದಿಲ್ಲ. ಆದರೂ ಆ ಸಣ್ಣ ಒತ್ತುಗಳೆಲ್ಲ ಸೇರಿ, ಮುಂದೆ ಗೋಡೆಗೋ ಗೇಟಿಗೋ ಸಿಕ್ಕಿಕೊಂಡವರ ಎದೆ ಹಿಗ್ಗಲು ಜಾಗವೇ ಇಲ್ಲದಂತಾಗುತ್ತದೆ.

‘ತುಳಿತ’ ಎಂದುಕೊಂಡರೆ ‘ನಾನಂತೂ ಯಾರನ್ನೂ ತುಳಿಯುವವನಲ್ಲ’ ಎಂದು ನಿಶ್ಚಿಂತೆಯಿಂದ ಇರಬಹುದು. ‘ಒತ್ತು’ ಎಂದುಕೊಂಡರೆ ಸಾಲಿನ ಕೊನೆಯಲ್ಲಿ ನಿಂತವರಿಗೂ ಜವಾಬ್ದಾರಿ ಬರುತ್ತದೆ.

ಜಾತ್ರೆ, ರಥೋತ್ಸವ, ರೈಲು ನಿಲ್ದಾಣಗಳಿಗೆ ಮಕ್ಕಳೊಂದಿಗೆ ಹೋಗುವವರು ಇಷ್ಟು ನೆನಪಿಡಿ. ಹೊರಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳಿ. ಸುತ್ತಲಿನವರ ಮೈ ಎಲ್ಲ ಕಡೆಯಿಂದಲೂ ತಾಗತೊಡಗಿದರೆ ಆಗಲೇ ಹೊರಬನ್ನಿ. ಸಿಕ್ಕಿಬಿದ್ದರೆ ಎರಡೂ ಕೈ ಮಡಿಸಿ ಎದೆಯ ಮುಂದೆ ಹಿಡಿಯಿರಿ. ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಚಪ್ಪಲಿ, ಮೊಬೈಲು ಬಿದ್ದರೆ ಎತ್ತಿಕೊಳ್ಳಲು ಬಗ್ಗಬೇಡಿ. ಎದುರು ನೂಕಬೇಡಿ. ಒತ್ತಡ ಸ್ವಲ್ಪ ಸಡಿಲಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಪುಟ್ಟ ಮಕ್ಕಳನ್ನು ಕೈಹಿಡಿದು ನಡೆಸದೆ ಎತ್ತಿಕೊಳ್ಳಿ.

ಅಷ್ಟರಲ್ಲಿ ಮೂಲೆಯಿಂದ ಆರೋಪಿ ಎದ್ದು ಬಂದ. ಅಜ್ಜಿಯ ಹತ್ತಿರ ಹೋಗದೆ ನೇರ ತಂಗಿಯ ಮುಂದೆ ನಿಂತ.

“ಕೈ ತಗುಲಿದ್ದಲ್ಲ ಕಣೇ. ನೀನು ಇಳೀಲಿಲ್ಲ ಅಂತ ಕೋಪ ಬಂತು. ದಬ್ಬಿದೆ.”

ತಂಗಿ ಗಾಯ ನೋಡಿಕೊಂಡಳು, ಅಣ್ಣನ ಮುಖ ನೋಡಿದಳು. “ಈಗ ಅಷ್ಟು ಉರೀತಿಲ್ಲ ಬಿಡು” ಎಂದಳು.

ಅಜ್ಜಿ ಮತ್ತೆ ಮೊರ ಎಳೆದುಕೊಂಡರು. “ಸರಿ, ತೀರ್ಪು ಕೇಳು. ತಂಗಿ ಜೋಕಾಲಿಯಲ್ಲಿ ಕೂತ್ಕೋತಾಳೆ. ನೀನು ಐವತ್ತು ಸಲ ತಳ್ಳಬೇಕು. ನೆನಪಿರಲಿ, ತಳ್ಳಬೇಕು!”