ಬಾಯ್ಲರ್ ಬದಲಿಸುವ ಮುನ್ನ ರಿಟರ್ನ್ ಲೈನ್ ಪರೀಕ್ಷಿಸಿ

ಫಾಸ್ಫೇಟಿಂಗ್ ತೊಟ್ಟಿ ಸಾಕಷ್ಟು ಬಿಸಿಯಾಗದಿದ್ದಾಗ ಬಿಸಿನೀರಿನ ಬಾಯ್ಲರಿನ ಸಾಮರ್ಥ್ಯವೇ ಸಾಲದೆಂದು ಭಾವಿಸಿ, ದೊಡ್ಡ ಬಾಯ್ಲರಿಗೆ ಬಂಡವಾಳ ಹೂಡಲು ಉದ್ದಿಮೆದಾರರು ಮುಂದಾಗುವುದುಂಟು. ಆದರೆ ದೋಷವು ನೀರು ಸುತ್ತಿ ಬರುವ ಮಾರ್ಗದಲ್ಲಿಯೂ ಇರಬಹುದು. ಶಾಖ ನೀಡಿದ ನೀರು ಬಾಯ್ಲರಿಗೆ ಹಿಂದಿರುಗುವ ಕೊಳವೆಯ, ಅಂದರೆ ರಿಟರ್ನ್ ಲೈನಿನ ಉಷ್ಣತೆಯು ಇದರ ಸುಳಿವು ನೀಡುತ್ತದೆ.

ಗಂಟೆಗೆ 1,000 ಲೀಟರ್ ನೀರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಟು 70 ಡಿಗ್ರಿಯಲ್ಲಿ ಹಿಂದಿರುಗಿದರೆ, ಅದು ದಾರಿಯಲ್ಲಿ ಬಿಟ್ಟುಕೊಟ್ಟ ಶಾಖ ಸುಮಾರು 10,000 ಕಿಲೋಕ್ಯಾಲೊರಿ. ಆದ್ದರಿಂದ ಉಷ್ಣತೆಯ ಅಂತರ ಹಾಗೂ ಹರಿವಿನ ಪ್ರಮಾಣ ಎರಡನ್ನೂ ಒಟ್ಟಾಗಿ ಪರಿಗಣಿಸಬೇಕು.

ಅಳೆಯುವ ಕ್ರಮ

ಪೂರ್ಣ ಕೆಲಸ ನಡೆಯುತ್ತಿದ್ದು ಉಷ್ಣತೆ ಸ್ಥಿರಗೊಂಡ ನಂತರ ಬಾಯ್ಲರಿನ ಹೊರದಾರಿ, ಒಳದಾರಿ ಹಾಗೂ ಪ್ರತಿ ಕವಲಿನ ಎರಡೂ ತುದಿಗಳಲ್ಲಿ ಅಳೆಯಬೇಕು. ಇನ್‌ಫ್ರಾರೆಡ್ ಥರ್ಮಾಮೀಟರು ಹೊಳೆಯುವ ಲೋಹದ ಮೇಲೆ ತಪ್ಪು ಅಂಕಿ ತೋರಿಸುವುದರಿಂದ ಅಲ್ಲಿ ಕಪ್ಪು ಟೇಪ್ ಅಂಟಿಸುವುದು ಸೂಕ್ತ.

ಲಕ್ಷಣ ಮತ್ತು ಕಾರಣ

ತೊಟ್ಟಿ ತಣ್ಣಗಿದ್ದೂ ರಿಟರ್ನ್ ನೀರು ಬಿಸಿಯಾಗಿದ್ದರೆ, ಬೈಪಾಸ್ ಕವಾಟ ತೆರೆದಿರಬಹುದು ಅಥವಾ ಸುರುಳಿಗೆ ಕಿಟ್ಟ ಹಿಡಿದಿರಬಹುದು. ತೊಟ್ಟಿಯೂ ರಿಟರ್ನ್ ನೀರೂ ತಣ್ಣಗಿದ್ದು, ಬಾಯ್ಲರಿನಿಂದ ಹೊರಡುವ ನೀರು ಮಾತ್ರ ಬಿಸಿಯಾಗಿದ್ದರೆ ಹರಿವು ಕಡಿಮೆಯಾಗಿದೆಯೆಂದು ಶಂಕಿಸಬೇಕು: ಸ್ಟ್ರೈನರಿನಲ್ಲಿ ಕಸ, ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ, ಅರ್ಧ ಮುಚ್ಚಿದ ಕವಾಟ ಅಥವಾ ದುರ್ಬಲ ಪಂಪು ಇದಕ್ಕೆ ಕಾರಣ. ಒಂದೇ ಕವಲಿನಲ್ಲಿ ತೊಂದರೆಯಿದ್ದರೆ ಆ ಕವಲನ್ನೂ, ಎಲ್ಲ ಕವಲುಗಳಲ್ಲಿದ್ದರೆ ಮುಖ್ಯ ಮಾರ್ಗವನ್ನೂ ಪರಿಶೀಲಿಸಬೇಕು. ಕವಲು ಬಿಟ್ಟ ನೀರು ಬಾಯ್ಲರ್ ತಲಪುವಷ್ಟರಲ್ಲಿ ಬಹಳ ತಣಿದರೆ ಕೊಳವೆಯ ಶಾಖನಿರೋಧಕ ಹೊದಿಕೆ ಹಾಳಾಗಿದೆಯೆಂದು ತಿಳಿಯಬೇಕು.

ತಣ್ಣನೆಯ ನೀರಿನ ಅಪಾಯ

ನೈಸರ್ಗಿಕ ಅನಿಲದ ಸಾಮಾನ್ಯ ಬಾಯ್ಲರಿಗೆ ಸುಮಾರು 55 ಡಿಗ್ರಿಗಿಂತ ತಣ್ಣನೆಯ ನೀರು ಸತತವಾಗಿ ಹಿಂದಿರುಗಿದರೆ, ಹೊಗೆಯಲ್ಲಿನ ಆವಿ ಒಳಗೇ ಹನಿಗಟ್ಟಿ ಲೋಹವನ್ನು ತಿನ್ನುತ್ತದೆ. ಹೊರಡುವ ಬಿಸಿನೀರಿನ ಒಂದಂಶವನ್ನು ರಿಟರ್ನ್ ಲೈನಿಗೆ ಬೆರೆಸುವ ಮೂರು ದಾರಿಯ ಕವಾಟ ಇದಕ್ಕೆ ಪರಿಹಾರ. ಕಂಡೆನ್ಸಿಂಗ್ ಬಾಯ್ಲರುಗಳ ವಿಷಯ ಬೇರೆ. ತಣ್ಣನೆಯ ರಿಟರ್ನ್ ನೀರಿನಿಂದಲೇ ಅವುಗಳ ದಕ್ಷತೆ ಹೆಚ್ಚುತ್ತದೆ.

ಕೊನೆಯ ತೀರ್ಮಾನ

ಹರಿವು ಸರಿಯಾಗಿದ್ದು, ಬರ್ನರ್ ಬಿಡುವಿಲ್ಲದೆ ಪೂರ್ಣವಾಗಿ ಉರಿಯುತ್ತಿದ್ದರೂ ಹೊರಡುವ ನೀರು ನಿಗದಿತ ಉಷ್ಣತೆ ತಲಪದಿದ್ದರೆ ಮಾತ್ರ ಬಾಯ್ಲರಿನತ್ತ ನೋಡಬೇಕು. ಆಗಲೂ ಮೊದಲು ಬರ್ನರಿನ ಹೊಂದಾಣಿಕೆ, ಬಾಯ್ಲರಿನ ಒಳಗಿನ ಮಸಿ ಮತ್ತು ಕಿಟ್ಟವನ್ನು ಪರೀಕ್ಷಿಸಬೇಕು. ಸ್ಟ್ರೈನರ್ ತೊಳೆಯಲು ತಗಲುವ ವೆಚ್ಚ ಅತ್ಯಲ್ಪ. ಅಗತ್ಯವಿಲ್ಲದ ಬಾಯ್ಲರಿಗಾಗಿ ತಂದ ಸಾಲಕ್ಕೆ ಬಡ್ಡಿ ವರ್ಷಗಟ್ಟಲೆ ತೆರಬೇಕು.