ಒಂದು ಮೂಟೆ ಯೂರಿಯಾ, ಒಂದು ಡ್ರಮ್ ಬೋರ್ಡೋ

ಕೆಮಿಸ್ಟ್ರಿ ಇಂಟರ್ನಲ್ಸ್‌ನಲ್ಲಿ ಸಮೀಕರಣ ಸರಿದೂಗಿಸದೆ ಬಿಟ್ಟರೆ ಹೋಗೋದು ಒಂದೋ ಅರ್ಧವೋ ಮಾರ್ಕು. ಅದಕ್ಕೇ ನಾವ್ಯಾರೂ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲ್ಲ. ಆದರೆ ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಕಡೆಯಿಂದ ಟಿ. ನರಸೀಪುರದವರೆಗಿನ ಗದ್ದೆ, ತೋಟಗಳಲ್ಲಿ ಇದೇ ಲೆಕ್ಕಕ್ಕೆ ದುಡ್ಡಿನ ಬೆಲೆ ಇದೆ. ಅಲ್ಲಿ ಲ್ಯಾಬಿನ ಬಾಟಲಿ ಇಲ್ಲ. ಯೂರಿಯಾ ಮೂಟೆ, ಸುಣ್ಣ, ಮೈಲುತುತ್ತ ಇವೆ.

ಮೊದಲು ಯೂರಿಯಾ ನೋಡೋಣ. ಮಣ್ಣಿಗೆ ಬಿದ್ದ ಯೂರಿಯಾ ಅಲ್ಲಿನ ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ನೀರಿನ ಜೊತೆ ವರ್ತಿಸುತ್ತದೆ:

ಯೂರಿಯಾ + ನೀರು → ಅಮೋನಿಯಾ + ಕಾರ್ಬನ್ ಡೈಆಕ್ಸೈಡ್

ಎಣಿಸಿ ನೋಡಿ. ಎಡಗಡೆ ಯೂರಿಯಾದಲ್ಲಿ ಕಾರ್ಬನ್ 1, ಆಕ್ಸಿಜನ್ 1, ನೈಟ್ರೋಜನ್ 2, ಹೈಡ್ರೋಜನ್ 4. ನೀರಿನಿಂದ ಇನ್ನೂ 2 ಹೈಡ್ರೋಜನ್, 1 ಆಕ್ಸಿಜನ್. ಒಟ್ಟು ನೈಟ್ರೋಜನ್ 2, ಹೈಡ್ರೋಜನ್ 6. ಬಲಗಡೆ ಒಂದು ಅಮೋನಿಯಾದಲ್ಲಿ ನೈಟ್ರೋಜನ್ 1, ಹೈಡ್ರೋಜನ್ 3 ಮಾತ್ರ. ಅಂದರೆ ಅಮೋನಿಯಾದ ಮುಂದೆ 2 ಬೇಕು. ಹಾಕಿದರೆ ಎಲ್ಲಾ ಸರಿಹೋಯ್ತು.

ಆ ಒಂದು 2 ಬಿಟ್ಟರೆ ಏನಾಗುತ್ತೆ? ಯೂರಿಯಾದ ಅಣುತೂಕ 60, ಅಮೋನಿಯಾದ್ದು 17. ಒಂದು ಮೂಟೆ ಅಂದರೆ 45 ಕೆಜಿ. ಅಷ್ಟೂ ಒಡೆದರೆ ಬರುವ ಅಮೋನಿಯಾ 25.5 ಕೆಜಿ. 2 ಮರೆತವನ ಲೆಕ್ಕದಲ್ಲಿ 12.75 ಕೆಜಿ. ಅಮೋನಿಯಾ ಅನಿಲ. ಒಣ ಮಣ್ಣಿನ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟರೆ ಒಂದಷ್ಟು ಗಾಳಿಗೆ ಹೋಗುತ್ತದೆ. ಮಣ್ಣಿಗೆ ಸೇರಿಸಿ, ಕಂತುಗಳಲ್ಲಿ ಹಾಕಿ ಅಂತ ಕೃಷಿ ಇಲಾಖೆಯವರು ಹೇಳೋದು ಇದಕ್ಕೇ. ನಷ್ಟ ಎಷ್ಟಾಗಬಹುದು ಅಂತ ಅಂದಾಜು ಮಾಡಲು ಕೂತವನು 2 ಮರೆತರೆ ಅಂದಾಜು ಅರ್ಧಕ್ಕೆ ಇಳಿಯುತ್ತದೆ.

ಒಂದು ಎಚ್ಚರ: ಸಂಖ್ಯೆ ಹಾಕಬೇಕಾದ್ದು ಸೂತ್ರದ ಮುಂದೆ, ಒಳಗಲ್ಲ. ನೀರಿನಲ್ಲಿ ಆಕ್ಸಿಜನ್ ಕಮ್ಮಿ ಬಿತ್ತು ಅಂತ ಒಳಗೆ ಇನ್ನೊಂದು ಸೇರಿಸಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್!

ಕಣ್ಣಂದಾಜಿಗೆ ಸಿಗದಿದ್ದರೆ ಬೀಜಗಣಿತ ಇದೆ. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಸರಳವಾಗಿ ಹೀಗೆ ಬರೆಯಬಹುದು:

ಕ ಅಮೋನಿಯಾ + ಖ ಆಕ್ಸಿಜನ್ → ಗ ನೈಟ್ರಿಕ್ ಆಮ್ಲ + ಘ ನೀರು

ನೈಟ್ರೋಜನ್: ಕ = ಗ
ಹೈಡ್ರೋಜನ್: 3ಕ = ಗ + 2ಘ
ಆಕ್ಸಿಜನ್: 2ಖ = 3ಗ + ಘ

ಕ = 1 ಅಂತ ಇಟ್ಟರೆ ಗ = 1, ಘ = 1, ಖ = 2. ಸಮೀಕರಣ ಮೂರು, ಅಜ್ಞಾತ ನಾಲ್ಕು. ಆದ್ದರಿಂದ ಸಿಗೋದು ಅನುಪಾತ ಮಾತ್ರ. ಮ್ಯಾಥ್ಸ್‌ನಲ್ಲಿ ಓದಿದ ಮ್ಯಾಟ್ರಿಕ್ಸಿನ ನಲ್ ಸ್ಪೇಸ್ ಇದೇ. ನೈಟ್ರೋಜನ್ನಿನ ಉತ್ಕರ್ಷಣ ಸಂಖ್ಯೆ −3ರಿಂದ +5ಕ್ಕೆ ಏರಿದೆ. ಹಾಗಾಗಿ ಇದು ಉತ್ಕರ್ಷಣ-ಅಪಕರ್ಷಣ ಕ್ರಿಯೆ. ಆಮ್ಲ ಹುಟ್ಟುವುದರಿಂದ ವರ್ಷಗಟ್ಟಲೆ ಯೂರಿಯಾ ಹಾಕಿದ ಮಣ್ಣು ಹುಳಿಯಾಗುತ್ತಾ ಹೋಗುತ್ತದೆ ಅನ್ನೋದೂ ಇಲ್ಲೇ ಕಾಣುತ್ತೆ.

ಇನ್ನು ಕ್ರಿಯೆಗಳ ವಿಧ. ಎಸ್‌ಎಸ್‌ಎಲ್‌ಸಿಯಲ್ಲಿ ಬಾಯಿಪಾಠ ಮಾಡಿದ ನಾಲ್ಕೂ ವಿಧ ಒಂದು ಡ್ರಮ್ ಬೋರ್ಡೋ ದ್ರಾವಣದ ಸುತ್ತಲೇ ಸಿಗುತ್ತವೆ. ವೀಳ್ಯದೆಲೆ, ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಔಷಧ ಇದು.

ವಿಭಜನೆ: ಗೂಡಿನಲ್ಲಿ ಸುಣ್ಣದ ಕಲ್ಲು ಸುಟ್ಟಾಗ ಕ್ಯಾಲ್ಸಿಯಂ ಕಾರ್ಬೋನೇಟ್ ಒಡೆದು ಕ್ಯಾಲ್ಸಿಯಂ ಆಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. 100 ಕೆಜಿ ಶುದ್ಧ ಕಲ್ಲಿಗೆ 56 ಕೆಜಿ ಸುಣ್ಣ. ಉಳಿದ 44 ಕೆಜಿ ಹೊಗೆಯ ಜೊತೆ ಹೋಯ್ತು.

ಸಂಯೋಗ: ಆ ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಎರಡೂ ಸೇರಿ ಅರಳಿದ ಸುಣ್ಣ. ಕೊತಕೊತ ಕುದಿಯುವಷ್ಟು ಶಾಖ ಬರುತ್ತೆ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ದ್ವಿಸ್ಥಾನಪಲ್ಲಟ: ಅರಳಿದ ಸುಣ್ಣ ಮತ್ತು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಜೊತೆಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸರಳವಾಗಿ ಬರೆದರೆ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್. ಅದೇ ಆ ತಿಳಿನೀಲಿ ಗಷ್ಟು.

ಸ್ಥಾನಪಲ್ಲಟ: ತಯಾರಾದ ದ್ರಾವಣದಲ್ಲಿ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಬಂದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳಿ ಅದರ ಜಾಗಕ್ಕೆ ಹೋಗಿದೆ. ಕಬ್ಬಿಣದ ಪಾತ್ರೆಯಲ್ಲಿ ಬೋರ್ಡೋ ಮಾಡಬಾರದು ಅನ್ನೋದೂ ಇದೇ ಕಾರಣಕ್ಕೆ. ಹೀಗೆ ಉಳಿದ ತಾಮ್ರ ಎಲೆ ಸುಡುತ್ತೆ. ಅದಕ್ಕೆ ಇನ್ನಷ್ಟು ಸುಣ್ಣ ಸೇರಿಸಬೇಕು.

ಇಲ್ಲೊಂದು ಪ್ರಶ್ನೆ. ಸಮೀಕರಣದ ಪ್ರಕಾರ 1 ಕೆಜಿ ಮೈಲುತುತ್ತಕ್ಕೆ ಸುಮಾರು 300 ಗ್ರಾಂ ಅರಳಿದ ಸುಣ್ಣ ಸಾಕು. ಆದರೆ ಶೇ. 1ರ ದ್ರಾವಣಕ್ಕೆ ಸಾಮಾನ್ಯವಾಗಿ ಹೇಳುವುದು 100 ಲೀಟರ್ ನೀರಿಗೆ ತಲಾ 1 ಕೆಜಿ. ಸಮೀಕರಣ ಸುಳ್ಳಾ? ಅಲ್ಲ. ಅದು ಮಾತಾಡೋದು ಶುದ್ಧ ಸುಣ್ಣದ ಬಗ್ಗೆ. ಅಂಗಡಿಯ ಸುಣ್ಣದಲ್ಲಿ ಕಲ್ಮಶ ಇರುತ್ತೆ. ತೆರೆದಿಟ್ಟ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಾರ್ಬೋನೇಟ್ ಆಗಿಬಿಟ್ಟಿರುತ್ತೆ. ಜೊತೆಗೆ ದ್ರಾವಣ ಸ್ವಲ್ಪ ಕ್ಷಾರೀಯವಾಗಿದ್ದರೆ ಎಲೆಗೆ ಕ್ಷೇಮ. ಕನಿಷ್ಠ ಎಷ್ಟು ಬೇಕು ಅಂತ ಸಮೀಕರಣ ಹೇಳುತ್ತೆ, ಮುಟ್ಟಿತೋ ಇಲ್ಲವೋ ಅಂತ ಚಾಕು ಹೇಳುತ್ತೆ. ಎಂಜಿನಿಯರಿಗೆ ಎರಡೂ ಬೇಕು.