ದುಡಿಮೆಗೆ ತಕ್ಕ ಊಟ: ನಡುವಯಸ್ಸಿನ ಬೊಜ್ಜನ್ನು ಇಳಿಸುವ ಕ್ರಮ

ಉಳುಮೆಯ ಕಾಲದಲ್ಲಿ ಎತ್ತಿಗೆ ಹುಲ್ಲಿನೊಡನೆ ಹಿಂಡಿಯನ್ನೂ ಬೇಯಿಸಿದ ಹುರುಳಿಯನ್ನೂ ಕೊಡುವುದು, ನೊಗ ಇಳಿಸಿದ ಮೇಲೆ ಅವುಗಳನ್ನು ಕಡಮೆ ಮಾಡುವುದು ಅನುಭವಸ್ಥನಾದ ಪ್ರತಿಯೊಬ್ಬ ಬೇಸಾಯಗಾರನಿಗೂ ತಿಳಿದ ಸಂಗತಿಯೇ ಆಗಿರುವುದು. ಕೊಟ್ಟಿಗೆಯಲ್ಲಿ ನಿಂತ ಎತ್ತಿಗೆ ದುಡಿಯುವ ಎತ್ತಿನ ಮೇವನ್ನು ಹಾಕಿದರೆ ಹಣವೂ ನಷ್ಟ, ಎತ್ತೂ ಜಡವಾಗುವುದು. ಹೀಗಿದ್ದರೂ ಈ ನಿಯಮವನ್ನು ತಮ್ಮ ಶರೀರಕ್ಕೆ ಅನ್ವಯಿಸಿಕೊಳ್ಳುವ ಯಜಮಾನರು ವಿರಳ. ನಲವತ್ತು ದಾಟಿದ ಹಿಡುವಳಿದಾರರಲ್ಲಿ ಅನೇಕರು ನೇಗಿಲನ್ನು ಬಿಟ್ಟು ಬಹುಕಾಲವಾಗಿದೆ; ಅವರ ಊಟ ಮಾತ್ರ ನೇಗಿಲು ಹಿಡಿದವನ ಊಟವಾಗಿಯೇ ಉಳಿದಿದೆ.

ಬೊಜ್ಜಿನ ಕಾರಣ

ಒಂದು ಗೇಣು, ಅಂದರೆ ೯ ಅಂಗುಲದ ಅಗಲಕ್ಕೆ ಒಂದು ಸಾಲಿನಂತೆ ಒಂದು ಎಕರೆಯನ್ನು ಉಳುವವನು ಎತ್ತಿನ ಹಿಂದೆ ಸುಮಾರು ೧೮ ಕಿಲೋಮೀಟರು ನಡೆಯಬೇಕಾಗುವುದೆಂದು ಲೆಕ್ಕದಿಂದಲೇ ತಿಳಿಯಬಹುದು. ಏತ, ಕಪಿಲೆಗಳಿಂದ ನೀರೆತ್ತುವುದು, ಕಣದಲ್ಲಿ ಒಕ್ಕುವುದು, ಮೂಟೆ ಹೊರುವುದು ಇವೆಲ್ಲವೂ ಇದರ ಜೊತೆಗೆ ಸೇರಿದ್ದವು. ಈಗ ಟ್ರ್ಯಾಕ್ಟರು ಉಳುತ್ತದೆ, ಪಂಪು ನೀರೆತ್ತುತ್ತದೆ, ಯಜಮಾನರು ಮೋಟಾರು ಸೈಕಲ್ಲಿನಲ್ಲಿ ಹೊಲದ ಅಂಚಿಗೆ ಹೋಗಿ ಆಳುಗಳಿಗೆ ಹೇಳಿ ಬರುತ್ತಾರೆ. ಯಂತ್ರಗಳಿಂದ ಬೇಸಾಯಕ್ಕೆ ಅನುಕೂಲವೇ ಆಗಿದೆ. ಆದರೆ ಅವು ಉಳಿಸಿಕೊಟ್ಟ ಶ್ರಮಕ್ಕೆ ತಕ್ಕಂತೆ ತಟ್ಟೆಯೂ ತಗ್ಗಬೇಕಾಗಿತ್ತು, ಅದು ತಗ್ಗಲಿಲ್ಲ.

ವಯಸ್ಸಾದಂತೆ ಮೈ ಬರುವುದು ಸಹಜವೆಂಬ ನಂಬಿಕೆಯೊಂದು ಎಲ್ಲೆಲ್ಲಿಯೂ ಇದೆ. ೨೯ ದೇಶಗಳ ಆರು ಸಾವಿರಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿ ೨೦೨೧ರಲ್ಲಿ ಪ್ರಕಟಿಸಲಾದ ಸಂಶೋಧನೆಯೊಂದು ಇದಕ್ಕೆ ವಿರುದ್ಧವಾಗಿದೆ. ದೇಹದ ಗಾತ್ರವನ್ನು ಗಮನಕ್ಕೆ ತೆಗೆದುಕೊಂಡು ನೋಡಿದರೆ, ಆಹಾರವನ್ನು ಶಕ್ತಿಯಾಗಿ ವೆಚ್ಚಮಾಡುವ ಶರೀರದ ಗುಣವು ೨೦ರಿಂದ ೬೦ ವರ್ಷಗಳವರೆಗೆ ಹೆಚ್ಚುಕಡಮೆ ಒಂದೇ ಸಮನಾಗಿರುವುದೆಂದು ಅದರಿಂದ ಗೊತ್ತಾಗಿದೆ. ಆದುದರಿಂದ ನಡುವಯಸ್ಸಿನ ಬೊಜ್ಜಿಗೆ ವಯಸ್ಸನ್ನೇ ಹೊಣೆ ಮಾಡುವುದು ಸರಿಯಲ್ಲ. ದುಡಿಮೆಗೂ ಊಟಕ್ಕೂ ತಾಳೆ ತಪ್ಪಿರುವುದೇ ಮುಖ್ಯ ಕಾರಣವು.

ಇದರಿಂದಾಗುವ ಹಾನಿ

ಹೊಟ್ಟೆಯ ಬೊಜ್ಜು ಸಿರಿವಂತಿಕೆಯ ಲಕ್ಷಣವೆಂದು ಭಾವಿಸುವವರು ಇನ್ನೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ೧೧.೪ ಮಂದಿಗೆ ಸಕ್ಕರೆ ಕಾಯಿಲೆಯೂ, ೩೫.೫ ಮಂದಿಗೆ ರಕ್ತದ ಏರೊತ್ತಡವೂ, ೩೯.೫ ಮಂದಿಗೆ ಹೊಟ್ಟೆಯ ಬೊಜ್ಜೂ ಇರುವುವು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರ ಪ್ರಮಾಣವಂತೂ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಸರಿಸುಮಾರು ಒಂದೇ ಆಗಿದೆ. ಮಕ್ಕಳು ಕೈಗೆ ಬರುವ ಮೊದಲೇ ಯಜಮಾನನಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದಲ್ಲಿ ಔಷಧಿಯ ವೆಚ್ಚಕ್ಕಾಗಿ ಜಮೀನು ಅಡವಿಗೆ ಬೀಳುವುದುಂಟು. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗುತ್ತದೆ. ಯಜಮಾನನು ಹಾಸಿಗೆ ಹಿಡಿದರೆ ಬೇಸಾಯವೇ ಹೋಗಬಹುದು.

ಅಳತೆ

ಮೊದಲು ಮಾಡತಕ್ಕ ಕೆಲಸವೆಂದರೆ ಅಳತೆ. ದರ್ಜಿಯ ಟೇಪನ್ನು ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರನ್ನು ಬಿಟ್ಟು ಅಳೆಯಬೇಕು. ನಮ್ಮ ದೇಶದ ಗಂಡಸರಲ್ಲಿ ೯೦ ಸೆಂಟಿಮೀಟರಿಗೂ ಹೆಂಗಸರಲ್ಲಿ ೮೦ ಸೆಂಟಿಮೀಟರಿಗೂ ಮೀರಿದ್ದರೆ ಅಪಾಯವೆಂದು ತಿಳಿಯತಕ್ಕದ್ದು. ತೂಕವನ್ನು ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ, ಹೊಲದ ಖರ್ಚುವೆಚ್ಚವನ್ನು ಬರೆಯುವ ಪುಸ್ತಕದಲ್ಲಿಯೇ ಬರೆದಿಡಬಹುದು.

ಇಳಿಸಬೇಕಾದ ತೂಕ ವಿಪರೀತವೇನೂ ಅಲ್ಲ. ಅಮೆರಿಕಾ ದೇಶದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕದಲ್ಲಿ ನೂರಕ್ಕೆ ೭ರಷ್ಟನ್ನು ಇಳಿಸುವುದು ಮತ್ತು ವಾರಕ್ಕೆ ೧೫೦ ನಿಮಿಷ ಚುರುಕಾಗಿ ನಡೆಯುವುದು ಎಂಬ ಎರಡು ಗುರಿಗಳನ್ನು ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ತಗಲುವುದು ನೂರಕ್ಕೆ ೫೮ರಷ್ಟು ಕಡಮೆಯಾಯಿತು. ನಮ್ಮಲ್ಲಿಯೇ ಚೆನ್ನೈಯ ವೈದ್ಯರು, ಸರಾಸರಿ ೪೬ ವರ್ಷ ವಯಸ್ಸಿನ, ಕಾಯಿಲೆಯ ಹೊಸ್ತಿಲಲ್ಲಿದ್ದ ೫೩೧ ಮಂದಿಯಲ್ಲಿ ಪ್ರಯೋಗ ನಡೆಸಿ ೨೦೦೬ರಲ್ಲಿ ಫಲವನ್ನು ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ ೫೫ ಮಂದಿಗೆ ಕಾಯಿಲೆ ಬಂದರೆ, ಊಟವನ್ನು ತಿದ್ದಿಕೊಂಡು ನಡಿಗೆ ರೂಢಿಸಿದವರಲ್ಲಿ ೩೯ ಮಂದಿಗೆ ಮಾತ್ರ ಬಂದಿತು. ೮೦ ಕಿಲೋ ತೂಗುವವನು ಐದೂವರೆ ಕಿಲೋ ಇಳಿಸಿದರೆ ನೂರಕ್ಕೆ ೭ರ ಗುರಿ ಮುಟ್ಟಿದಂತಾಯಿತು. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚಿನ ಆತುರ ಬೇಡ.

ಆಹಾರ

ತಟ್ಟೆಯಲ್ಲಿ ಅರ್ಧಭಾಗ ಸೊಪ್ಪು ತರಕಾರಿಗಳೂ, ಕಾಲುಭಾಗ ಹುರುಳಿ, ಅವರೆ, ಅಲಸಂದೆ, ತೊಗರಿ ಮೊದಲಾದ ಕಾಳುಗಳೂ, ಉಳಿದ ಕಾಲುಭಾಗ ಮುದ್ದೆ, ರೊಟ್ಟಿ ಅಥವಾ ಅನ್ನವೂ ಇರುವುದು ಉತ್ತಮ. ವಾಡಿಕೆಯುಳ್ಳವರು ಮೊಟ್ಟೆ, ಮೀನುಗಳನ್ನು ಕಾಳಿಗೆ ಬದಲಾಗಿ ಉಪಯೋಗಿಸಬಹುದು. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಶಕ್ತಿಯ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ರಾಗಿಯೆಂಬ ಧೈರ್ಯದಿಂದ ಮೂರು ಮುದ್ದೆ ಉಂಡರೆ ಪ್ರಯೋಜನವಿಲ್ಲ.

ಒಂದು ಲೋಟ ಕಾಫಿಗೆ ೧೦ ಗ್ರಾಮಿನಂತೆ ದಿನಕ್ಕೆ ಐದು ಲೋಟ ಕುಡಿಯುವವನು ವರ್ಷಕ್ಕೆ ೧೮ ಕಿಲೋ ಸಕ್ಕರೆಯನ್ನು ಕಾಫಿಯಲ್ಲಿಯೇ ತಿಂದಂತಾಗುತ್ತದೆ. ಎಣ್ಣೆಯ ಒಂದು ಗ್ರಾಮಿನಲ್ಲಿ ೯ ಕ್ಯಾಲರಿಯೂ, ಹಿಟ್ಟು ಸಕ್ಕರೆಗಳಲ್ಲಿ ೪ ಕ್ಯಾಲರಿಯೂ ಇರುವುದರಿಂದ ಕರಿದ ತಿಂಡಿಯನ್ನು ಹಬ್ಬಕ್ಕೆ ಮೀಸಲಿಡುವುದು ವಿವೇಕ. ಮದ್ಯದ ಸಾರದಲ್ಲಿಯೂ ಗ್ರಾಮಿಗೆ ೭ ಕ್ಯಾಲರಿ ಉಂಟು.

ಮೈದುಡಿಮೆ

ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಚುರುಕಿನ ದುಡಿಮೆಯನ್ನೂ, ಎರಡು ದಿನ ಮಾಂಸಖಂಡಗಳನ್ನು ಬಲಪಡಿಸುವ ಕೆಲಸವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿತು. ಇದಕ್ಕೆ ಪಟ್ಟಣದ ವ್ಯಾಯಾಮಶಾಲೆಯೇ ಬೇಕೆಂದಿಲ್ಲ. ಚೌಕವಾದ ಐದು ಎಕರೆ ಜಮೀನಿನ ಬದುವಿನ ಸುತ್ತಳತೆ ಸುಮಾರು ೫೭೦ ಮೀಟರು. ಐದು ಸುತ್ತು ಚುರುಕಾಗಿ ನಡೆದರೆ ಅರ್ಧಗಂಟೆಯ ನಡಿಗೆಯಾಗುವುದು. ಬದು ಕುಸಿದಿರುವುದು, ಬೆಳೆಗೆ ಹುಳು ಬಿದ್ದಿರುವುದು, ನೀರು ಸೋರುತ್ತಿರುವುದು ಯಜಮಾನನ ಕಣ್ಣಿಗೆ ಬೀಳುವುದು ಇದರ ಇನ್ನೊಂದು ಲಾಭ. ನಸುಕಿನಲ್ಲಿ ಹೋಗುವವರು ಹಾವಿನ ಭಯದಿಂದ ಪಾದರಕ್ಷೆಯನ್ನೂ ಬ್ಯಾಟರಿ ದೀಪವನ್ನೂ ಮರೆಯಬಾರದು.

ವಯಸ್ಸಾದಂತೆ ಮಾಂಸಖಂಡವು ಸವೆಯುವುದು ನಿಜವಾದುದರಿಂದ ನಡಿಗೆಯೊಂದೇ ಸಾಲದು. ಗುದ್ದಲಿ ಹಿಡಿದು ಪಾತಿ ಮಾಡುವುದು, ಗೊಬ್ಬರದ ಮಂಕರಿ ಹೊರುವುದು, ಕುಕ್ಕರಗಾಲಿನಲ್ಲಿ ಕುಳಿತೇಳುವುದು ಇವುಗಳನ್ನು ವಾರದಲ್ಲಿ ಎರಡು ದಿನವಾದರೂ ಮಾಡತಕ್ಕದ್ದು. ಮೊಣಕಾಲಿನ ನೋವಿನ ನೆಪದಿಂದ ಕುಳಿತುಬಿಡುವವರು ಒಂದು ಸಂಗತಿಯನ್ನು ತಿಳಿಯಬೇಕು. ಬೊಜ್ಜೂ ಮಂಡಿನೋವೂ ಇದ್ದ ಹಿರಿಯರನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟವಾದ ವರದಿಯಂತೆ, ದೇಹದ ತೂಕ ಒಂದು ಕಿಲೋ ಇಳಿದರೆ ಹೆಜ್ಜೆಯೊಂದಕ್ಕೆ ಮಂಡಿಯ ಮೇಲಿನ ಭಾರವು ನಾಲ್ಕು ಕಿಲೋಗಳಷ್ಟು ಇಳಿಯುವುದು.

ಎಚ್ಚರಿಕೆಗಳು

ಎದೆನೋವು, ಏದುಸಿರು ಇರುವವರು ವೈದ್ಯರನ್ನು ಕಾಣದೆ ಪ್ರಾರಂಭಿಸಕೂಡದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನು ತಗ್ಗಿಸುವ ಮೊದಲು ಔಷಧಿಯ ಪ್ರಮಾಣವನ್ನು ಕೇಳಿಕೊಳ್ಳಬೇಕು. ಇಲ್ಲವಾದರೆ ರಕ್ತದ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪುವ ಸಂಭವವುಂಟು. ಉಪವಾಸದಿಂದಲೂ, ತಿಂಗಳಲ್ಲಿ ತೂಕ ಇಳಿಸುವುದೆಂದು ಮಾರುವ ಪುಡಿಗಳಿಂದಲೂ ದೂರವಿರುವುದು ಕ್ಷೇಮ. ೩೦ ವರ್ಷ ದಾಟಿದವರ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಪರೀಕ್ಷಿಸಲಾಗುತ್ತದೆ.

ಹೊಸ ತಳಿಯ ಬೀಜವನ್ನು ಊರಿನ ಮುಖ್ಯಸ್ಥನು ತನ್ನ ಹೊಲದಲ್ಲಿ ಬಿತ್ತಿ ತೋರಿಸಿದ ಮೇಲೆಯೇ ಉಳಿದವರು ಬಿತ್ತುವುದು ವಾಡಿಕೆ. ಈ ವಿಷಯದಲ್ಲಿಯೂ ಹಾಗೆಯೇ. ಗ್ರಾಮಮುಖಂಡರೂ ಭೂಮಾಲಿಕರೂ ಈ ತಿಂಗಳಿನಲ್ಲಿಯೇ ತಮ್ಮ ಸೊಂಟದ ಅಳತೆಯನ್ನು ತೆಗೆದು ಬರೆದಿಟ್ಟು, ಮುಂದಿನ ಸುಗ್ಗಿಯ ಹೊತ್ತಿಗೆ ಮತ್ತೆ ಅಳೆದು ನೋಡುವುದು ಉಚಿತವು.